ಹೂವಿಲ್ಲದ ಕೆಂಪು ಮರ

ನಮ್ಮದು ಭೀಮಸಮುದ್ರ, ಅಡಿಕೆ ವ್ಯಾಪಾರದ ಮನೆ. ನಮ್ಮಲ್ಲಿ ಅಡಿಕೆ ಅಂದ್ರೆ ತೂಕ ಆಮೇಲಿನ ಮಾತು, ಮೊದಲು ಬಣ್ಣ. ಬೇಯಿಸಿ ಒಣಗಿಸಿದ ಅಡಿಕೆಯನ್ನು ಕಣದಲ್ಲಿ ಹರಡಿಕೊಂಡು ಕೂತರೆ, ಒಳ್ಳೆ ಕೆಂಪು ಬಂದಿದ್ದು ಒಂದು ಗುಡ್ಡೆ, ಬಣ್ಣ ಮಾಸಿದ್ದು ಇನ್ನೊಂದು ಗುಡ್ಡೆ. ನಮ್ಮಪ್ಪ ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣಾಡಿಸಿದರೆ ಸಾಕು, ಯಾವ ಚೀಲದಲ್ಲಿ ಏನು ಬೆರೆತಿದೆ ಅಂತ ಹೇಳಿಬಿಡೋರು. ಅಂಥವರ ಮಗ ನಾನು. ತೊಂಬತ್ತರ ದಶಕದ ನಡುವೆ, ಚಿತ್ರದುರ್ಗದಲ್ಲಿ ಡಿಗ್ರಿ ಮುಗಿಸಿ ಬಂದು ಅಪ್ಪನ ಪಕ್ಕ ಅಡಿಕೆ ಆರಿಸೋಕೆ ಕೂತೆ. ಕೂತ ದಿನವೇ ಎರಡು ಗುಡ್ಡೆಯನ್ನೂ ಕಲಬೆರಕೆ ಮಾಡಿಟ್ಟೆ.

"ಸಣ್ಣ ಸಾವ್ಕಾರ್ರು ಕಣ್ಣು ಮನೇಲೇ ಬಿಟ್ಟು ಬಂದವ್ರೆ" ಅಂತ ಆರಿಸೋ ಹೆಂಗಸರು ನಗೋರು. ಅವರು ನಕ್ಕರೆ ನನಗೇನೂ ಅನ್ನಿಸ್ತಿರಲಿಲ್ಲ. ಅಪ್ಪ ಮಾತ್ರ ನಗ್ತಿರಲಿಲ್ಲ. ನನ್ನ ಗುಡ್ಡೆಗೆ ಕೈ ಹಾಕಿ, ಒಂದೊಂದೇ ಅಡಿಕೆ ಎತ್ತಿ ಪಕ್ಕಕ್ಕೆ ಹಾಕುತ್ತಾ, "ನಿನಗೆ ಮನಸ್ಸಿಲ್ಲ ಕಣೋ. ಮನಸ್ಸಿಟ್ಟು ನೋಡಿದ್ರೆ ಕಾಣ್ತೈತೆ" ಅನ್ನೋರು. ನಾನೂ ಸುಮ್ಮನಿರೋ ಪೈಕಿ ಅಲ್ಲ. ಮೊರ ಅಲ್ಲೇ ಎತ್ತಿ ಹಾಕಿ ಎದ್ದು ಹೋಗ್ತಿದ್ದೆ. ಮಾರನೇ ದಿನ ಮತ್ತೆ ಅದೇ ರಗಳೆ.

ಕೊನೆಗೆ ಅಮ್ಮನ ಮಾತಿಗೆ ದುರ್ಗದ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಬಣ್ಣದ ಚುಕ್ಕಿಗಳ ಪುಸ್ತಕ ಬಿಡಿಸಿ, ಒಳಗಿರೋ ಅಂಕಿ ಓದ್ರಿ ಅಂದರು. ಯಾವ ಅಂಕಿ? ನನಗೆ ಕಂಡಿದ್ದು ಬರೀ ಚುಕ್ಕಿ. "ಕೆಂಪು, ಹಸಿರು ನಿಮಗೆ ಬೇರೆ ಬೇರೆ ಕಾಣಲ್ಲ. ಹುಟ್ಟಿನಿಂದ ಬಂದಿದ್ದು. ಔಷಧಿ ಇಲ್ಲ, ಹಂಗಂತ ತೊಂದರೇನೂ ಇಲ್ಲ" ಅಂದರು. ತೊಂದರೆ ಇಲ್ಲವಂತೆ, ಅಡಿಕೆ ಮನೆಯವನಿಗೆ!

ಅಪ್ಪ ನಂಬಲಿಲ್ಲ. "ಕೆಂಪು ಕಾಣಲ್ಲ ಅಂದ್ರೆ ಯಾರು ಕೇಳ್ತಾರೆ? ಆ ಮರ ಕಾಣಲ್ವೇನೋ ನಿನಗೆ?" ಅಂತ ಕಣದ ಮುಂದಿನ ಗುಲ್‌ಮೊಹರ್ ಕಡೆ ಕೈ ತೋರಿಸಿದರು. ಬೇಸಿಗೆ ಬಂತು ಅಂದ್ರೆ ಅದು ಮೈತುಂಬ ಹೂ ಬಿಡ್ತದಂತೆ. ಬಸ್ಸಿನ ಕಂಡಕ್ಟರೂ "ಕೆಂಪು ಮರ ಯಾರ್ರೀ, ಇಳ್ಕಳ್ರಿ" ಅಂತಲೇ ಕೂಗೋದು. ನನಗದು ವರ್ಷವಿಡೀ ಒಂದೇ ಮರ. ನೆಲದ ಮೇಲೆ ಎಸಳು ಬಿದ್ದ ಮೇಲೇ ಓಹೋ ಹೂ ಬಿಟ್ಟಿದೆ ಅಂತ ಗೊತ್ತಾಗೋದು.

"ಮರ ಕಾಣ್ತೈತೆ, ಹೂ ಕಾಣಲ್ಲ" ಅಂದೆ. "ಕೆಲಸ ತಪ್ಪಿಸ್ಕಳಾಕೆ ಒಂದು ನೆಪ" ಅಂದುಬಿಟ್ಟರು ಅಪ್ಪ. ಸೋಮಾರಿ ಅಂದಿದ್ದರೆ ತಡ್ಕೊಳ್ತಿದ್ದೆ, ದಡ್ಡ ಅಂದಿದ್ದರೂ ಸರಿ. ಸುಳ್ಳ ಅಂದಂಗಾಯ್ತಲ್ಲ, ಅದು ಹೊಟ್ಟೆಯಲ್ಲಿ ಮುಳ್ಳು ಮುರಿದಂಗೆ ಕೂತುಬಿಡ್ತು. ಅಪ್ಪ ನನ್ನ ಮಾತು ನಂಬಬೇಕು, ಅಷ್ಟೇ ಬೇಕಾಗಿತ್ತು ನನಗೆ. ಹೆಂಗೆ ನಂಬಿಸೋದು ಅನ್ನೋದೇ ಗೊತ್ತಿರಲಿಲ್ಲ.

ಆ ದಿನಗಳಲ್ಲೇ ಯಾವುದೋ ಕೆಲಸದ ಅರ್ಜಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಾಗಿ ದುರ್ಗದ ಒಂದು ಸ್ಟುಡಿಯೋಗೆ ಹೋದೆ. "ಬರ್ರಿ, ಕುಂತ್ಕಳ್ರಿ" ಅಂತ ಒಳಗಿನಿಂದ ದನಿ ಬಂತು. ನಾನು ಕೂರಲಿಲ್ಲ. ಗೋಡೆ ಮೇಲೆ ಕಪ್ಪು ಬಿಳುಪಿನ ದೊಡ್ಡ ದೊಡ್ಡ ಫೋಟೋಗಳಿದ್ದವು. ಒಂದರಲ್ಲಿ ಕೋಟೆಯ ಬಂಡೆ, ಆಗಷ್ಟೇ ಮಳೆ ನಿಂತಿದೆ, ಅರ್ಧ ಬಂಡೆ ಒದ್ದೆ, ಅರ್ಧ ಒಣಗಿದೆ, ನಡುವಿನ ಗೆರೆ ಮೇಲೆ ಒಂದು ಓತಿಕೇತ ತಲೆ ಎತ್ತಿ ಕೂತಿದೆ. ಇನ್ನೊಂದರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ, ನೀರಲ್ಲಿ ಮುಳುಗಿದ ಒಣ ಜಾಲಿ ಮರ, ಕೊಂಬೆ ತುಂಬ ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ತಾ ಇವೆ. ಮತ್ತೊಂದರಲ್ಲಿ ಜೋಗಿಮಟ್ಟಿ ಗುಡ್ಡದ ಹುಲ್ಲು ಗಾಳಿಗೆ ಒಂದೇ ಕಡೆ ಮಲಗಿದ್ದು ಎಷ್ಟು ಬೆಳ್ಳಗಿತ್ತು ಅಂದ್ರೆ, ಕೈಯಾಡಿಸಬೇಕು ಅನ್ನಿಸ್ತು.

ಆಗ ಆದ ಸಂತೋಷ ಹೆಂಗೆ ಹೇಳಲಿ. ಹುಟ್ಟಿದಾಗಿನಿಂದ ಜನ "ಅಗೋ ನೋಡು" ಅಂದಾಗೆಲ್ಲ ಅವರ ಮುಖ ನೋಡಿ ಹೂಂ ಅಂದುಕೊಂಡು ಬಂದವನು ನಾನು. ಈ ಗೋಡೆ ಮುಂದೆ ಯಾರೂ ನನಗಿಂತ ಒಂದು ಕೂದಲೆಳೆ ಹೆಚ್ಚು ನೋಡೋ ಹಂಗಿರಲಿಲ್ಲ.

ಫೋಟೋಗ್ರಾಫರು ಹೊರಗೆ ಬಂದರು. ಐವತ್ತು ದಾಟಿದ ಸಣಕಲು ಮನುಷ್ಯ, ಅಂಗಿ ತೋಳಿಗೆಲ್ಲ ಕೆಮಿಕಲ್ ಕಲೆ. "ಯಾಕೆ ಕಲರ್ ಹಾಕಿಲ್ಲ ಅಂತ ಕೇಳಲ್ವಾ? ಬಂದೋರೆಲ್ಲ ಕೇಳ್ತಾರೆ" ಅಂದರು. "ಇದ್ರಲ್ಲಿ ನಂಗೇನೂ ಕಮ್ಮಿ ಕಾಣ್ಲಿಲ್ಲ ಸಾರ್" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರೆ ಟೀ ಕುಡಿ" ಅಂದರು. ಅಲ್ಲಿಂದ ಅವರ ಬಾಲ ಹಿಡಿದೆ.

ವಾರವಿಡೀ ಮದುವೆ ಮನೆಗಳಲ್ಲಿ ಕಲರ್ ಫೋಟೋ ತೆಗೆಯೋದು ಅವರ ಹೊಟ್ಟೆಪಾಡು. ಭಾನುವಾರ ಮಾತ್ರ ಅವರದ್ದು. ಅವರ ಲೂನಾ ಮೇಲೆ ಇಬ್ಬರೂ ಹೊರಡ್ತಿದ್ದೆವು. ದಿಬ್ಬ ಬಂದರೆ ನಾನು ಇಳಿದು ತಳ್ಳಬೇಕು, ಅದು ನನ್ನ ಮೊದಲ ಪಾಠ. ಹಾಲುರಾಮೇಶ್ವರಕ್ಕೆ ಹೋದರೆ ಜನ ಕೈಮುಗಿಯೋಕೆ ಸಾಲು ನಿಂತಿರೋರು, ಇವರೂ ಕೈಮುಗಿದು, ಆಮೇಲೆ ಒಂದು ಮರದ ಬೇರಿನ ಮುಂದೆ ಮಂಡಿಯೂರಿದರೆ ಮುಗೀತು, ಮಧ್ಯಾಹ್ನದ ಊಟವೂ ನೆನಪಿಲ್ಲ. ಒಂದು ಸಲ ಹೊಳಲ್ಕೆರೆ ದಾರಿಯಲ್ಲಿ ಉತ್ತ ಕರಿ ಹೊಲದ ತುಂಬ ಬೆಳ್ಳಕ್ಕಿ ಇಳಿದಿದ್ದವು. ಲೂನಾ ನಿಲ್ಲಿಸ್ರಿ ಸಾರ್, ಇದಕ್ಕಿಂತ ಬೇಕಾ ಅಂದೆ. ಅವರು ನಿಲ್ಲಿಸಲೇ ಇಲ್ಲ. "ಅದು ತಾನಾಗೇ ಕಪ್ಪು ಬಿಳುಪು ಐತಲ್ಲಪ್ಪ. ನಾನೇನು ಮಾಡೋದು ಅಲ್ಲಿ?" ಅಂದರು.

ಕ್ಯಾಮೆರಾ ಎತ್ತೋ ಮುಂಚೆ ಕಣ್ಣು ಅರ್ಧ ಮುಚ್ಚಿ ನಿಲ್ಲೋರು. ಯಾಕೆ ಅಂತ ಕೇಳಿದ್ದಕ್ಕೆ, "ಬಣ್ಣ ಮರೀಬೇಕು. ಬೆಳಕು ಎಷ್ಟು, ನೆರಳು ಎಷ್ಟು, ಅಷ್ಟೇ ಲೆಕ್ಕ. ಬಣ್ಣ ಬಂದು ಬಂದು ಅಡ್ಡ ನಿಲ್ತದೆ" ಅಂದರು. ನನ್ನ ಕಣ್ಣಿನ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಹೇಳಿದರೆ ಬರಬೇಡ ಅಂದುಬಿಟ್ಟಾರು ಅನ್ನೋ ಭಯ.

ಹೊಸದುರ್ಗದ ಬಾಗೂರು ಕಡೆ ಹೋದಾಗ ಒಂದು ಬೀಳು ಹೊಲದಲ್ಲಿ ಕೂತಿದ್ದೆವು. "ಅಲ್ಲಿ ಕೌಜುಗ ಐತೆ ಸಾರ್" ಅಂದೆ ಮೆಲ್ಲಗೆ. ಎಲ್ಲಿ ಅಂದರು. ಒಣ ಹುಲ್ಲಿನ ಬುಡದಲ್ಲಿ ಹಕ್ಕಿ ಮಿಸುಕದೆ ಕೂತಿತ್ತು. ನನಗೆ ಅದರ ಎದೆಯ ಗೆರೆಗಳು ಎಣಿಸೋ ಹಂಗೆ ಕಾಣ್ತಿದ್ದವು, ಅವರಿಗೆ ಹುಲ್ಲು ಬಿಟ್ಟು ಏನೂ ಇಲ್ಲ. ಅದು ಭರ್ರನೆ ಹಾರಿದಾಗ ನನ್ನ ಕಡೆ ತಿರುಗಿ, "ನಿನ್ನ ಕಣ್ಣು ಬಾಳ ಚುರುಕು ಕಣಪ್ಪ" ಅಂದರು. ನನ್ನ ಕಣ್ಣಿಗೆ ಯಾರಾದರೂ ಒಳ್ಳೆ ಮಾತು ಹೇಳಿದ್ದು ಅದೇ ಮೊದಲು. ಅಳು ಬಂದುಬಿಡ್ತು, ಧೂಳು ಬಿತ್ತು ಅಂತ ಸುಳ್ಳು ಹೇಳಿದೆ.

ಮುಂದಿನ ಬೇಸಿಗೆಯಲ್ಲಿ ಅವರು ನಮ್ಮೂರ ಕೆರೆ ನೋಡೋಕೆ ಬಂದರು. ಬಸ್ಸಿಳಿದವರು ಕಣದ ಮುಂದೆ ಬಾಯಿ ತೆರೆದುಕೊಂಡು ನಿಂತರು. "ಏನಪ್ಪ ಈ ಮರ! ಬೆಂಕಿ ಹತ್ತಿದಂಗೈತಲ್ಲ." ಕಣ್ಣು ಅರ್ಧ ಮುಚ್ಚಲಿಲ್ಲ, ಕೆಂಪನ್ನು ಹಸಿರಿನಿಂದ ಬಿಡಿಸಿ ತೋರಿಸೋ ಫಿಲ್ಟರ್ ಹಾಕಲಿಲ್ಲ, ನಿಂತಲ್ಲೇ ತೆಗೆದುಬಿಟ್ಟರು. ನಾನು ಪಕ್ಕದಲ್ಲಿ ಎಂದಿನಂಗೆ ಹೂಂ ಅಂದುಕೊಂಡು ನಿಂತಿದ್ದೆ.

ಎರಡು ದಿನ ಬಿಟ್ಟು ಸ್ಟುಡಿಯೋಗೆ ಹೋದರೆ, ಹಸಿ ಪ್ರಿಂಟ್ ಹಿಡಿದುಕೊಂಡು ತಮ್ಮನ್ನೇ ಬೈದುಕೊಳ್ತಿದ್ದರು. "ಇಷ್ಟು ವರ್ಷ ಆದ್ರೂ ಕೆಂಪು ನೋಡಿ ಮೋಸ ಹೋದೆ ನೋಡು. ಹೂವೂ ಎಲೆಯೂ ಒಂದೇ ಬೂದಿ ಆಗಿ ಕೂತವೆ. ಒಂದು ಹೂವಾದ್ರೂ ಕಾಣ್ತೈತಾ?" ಅಂತ ಮುಂದೆ ಹಿಡಿದರು.

ನಮ್ಮ ಕಣ. ತಗಡಿನ ಸೂರು. ಅದರ ಮುಂದೆ ನಮ್ಮ ಮರ. ದಿನಾ ನಾನು ನೋಡೋ ಮರ, ಹೂವಿನ ಮಟ್ಟಿಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಸ್ಟೂಲ್ ಮೇಲೆ ಕೂತೆ. "ಸಾರ್, ನನಗೆ ಯಾವಾಗ್ಲೂ ಹಿಂಗೇ ಕಾಣೋದು" ಅಂದೆ. ಆಮೇಲೆ ಡಾಕ್ಟರ ಪುಸ್ತಕ, ಅಡಿಕೆ, ಅಪ್ಪನ ಮಾತು, ಎಲ್ಲಾ ಹೇಳಿದೆ.

ಅವರು ಹರಿದು ಹಾಕೋಕೆ ಹೊರಟಿದ್ದ ಆ ಪ್ರಿಂಟನ್ನು ಪಕ್ಕಕ್ಕಿಟ್ಟು ಮತ್ತೆ ಕತ್ತಲೆ ಕೋಣೆಗೆ ಹೋದರು. ಗೋಡೆ ಮೇಲಿನವುಗಳಷ್ಟೇ ದೊಡ್ಡದು, ಅಷ್ಟೇ ಜೋಪಾನವಾಗಿ ಇನ್ನೊಂದು ಮಾಡಿ ತಂದರು. "ನಾನು ತೆಗೆದಿದ್ರಾಗೆ ಕೆಟ್ಟ ಫೋಟೋ ಇದು. ತಗಂಡೋಗಿ ನಿಮ್ಮಪ್ಪಗೆ ತೋರ್ಸು" ಅಂದರು. ಅಂಥ ದೊಡ್ಡ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಅಪ್ಪ ಕಣದಲ್ಲಿದ್ದರು. ಕನ್ನಡಕ ಏರಿಸಿಕೊಂಡು ನೋಡಿದರು. "ನಮ್ಮ ಮರ ಅಲ್ವೇನೋ? ಚೆನ್ನಾಗಿ ಬಂದೈತೆ. ಮಳೆಗಾಲದಾಗೆ ತೆಗೆದಿದ್ದಾ?"

"ಅಲ್ಲ, ಹೋದ ಭಾನುವಾರ."

ಅಪ್ಪ ಬಾಗಿಲಾಚೆ ಮರ ನೋಡಿದರು, ಫೋಟೋ ನೋಡಿದರು, ತಿರುಗಿ ಮರ ನೋಡಿದರು. "ಹೂವೆಲ್ಲೋ?"

"ಇದ್ರಾಗೇ ಅವೆ. ಮನಸ್ಸಿಟ್ಟು ನೋಡಪ್ಪ" ಅಂದೆ. ಬೇಕಂತ ಅಂದಿದ್ದಲ್ಲ, ಬಾಯಿಗೆ ಬಂದುಬಿಡ್ತು.

ಅಪ್ಪ ನೋಡಿದರು. ಬೆಳಕಿಗೆ ಹಿಡಿದು, ಕೊಂಬೆ ಕೊಂಬೆ ಮೇಲೆ ಬೆರಳಾಡಿಸಿ ಹುಡುಕಿದರು. ಇಡೀ ಭೀಮಸಮುದ್ರದಲ್ಲಿ ಹೆಸರಾದ ಕಣ್ಣು ಅದು. ಒಂದು ಹೂವೂ ಸಿಗಲಿಲ್ಲ. ಫೋಟೋ ತೊಡೆ ಮೇಲಿಟ್ಟುಕೊಂಡು, "ನಿನಗೆ ಹಿಂಗೇ ಕಾಣ್ತೈತಾ?" ಅಂದರು.

"ಹಿಂಗೇ."

"ಚಿಕ್ಕೋನಿದ್ದಾಗ್ಲಿಂದ್ಲೂ?"

"ಹೂಂ."

ಅಪ್ಪ ಫೋಟೋ ಪಕ್ಕಕ್ಕಿಟ್ಟರು. ನಾನು ಆರಿಸಬೇಕಿದ್ದ ಅಡಿಕೆ ಮೊರವನ್ನು ತಮ್ಮ ಮುಂದೆ ಎಳೆದುಕೊಂಡರು.

ನಾನು ಆಮೇಲೆ ಹೊಳಲ್ಕೆರೆಯಲ್ಲಿ ಒಂದು ಸಣ್ಣ ಸ್ಟುಡಿಯೋ ಹಾಕಿದೆ. ಎರಡು ಸಾವಿರದ ಇಸವಿ ದಾಟಿತು, ರೋಲು ಹೋಗಿ ಡಿಜಿಟಲ್ ಬಂತು. ನನ್ನ ಗೋಡೆ ಮೇಲೆ ಇವತ್ತಿಗೂ ಕಪ್ಪು ಬಿಳುಪೇ. ಪ್ರತಿ ಬೇಸಿಗೆ ಒಂದು ದಿನ ಅಪ್ಪ ಮೊದಲ ಬಸ್ಸಿಗೆ ಬಂದು, ಸ್ಟುಡಿಯೋ ಬಾಗಿಲು ತೆಗೆಯೋ ಮುಂಚೆನೇ ಮೆಟ್ಟಿಲ ಮೇಲೆ ಕೂತಿರೋರು. ಮೊದಲ ಸಲ ಗಾಬರಿಯಾಗಿ, ಏನಾಯ್ತಪ್ಪ ಅಂದೆ.

"ಏನಿಲ್ಲ ಕಣೋ, ಮರ ಹೂ ಬಿಟ್ಟೈತೆ. ನಿನಗೆ ಹೇಳಿ ಹೋಗಾಣ ಅಂತ ಬಂದೆ" ಅಂದರು.