ಗಂಟೆಗೆ ಗೋಣಿ ಸುತ್ತಿದ ಮಾಮ

ಕಾಯ್ತಾನ್ ಮಾಮ ನಮ್ಮಮ್ಮನಿಗೆ ಗಂಟೆ ಹೊಡೆಯಲಿಲ್ಲ. ಅದಾಗಿ ಆರು ವರ್ಷ. ಆ ಮನುಷ್ಯ ಮಣ್ಣಾಗಿಯೇ ಎರಡು ವರ್ಷ. ಆದರೂ ನೆನಪಾದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಕಾರ್ಗಲ್ ದಾಟಿ ಹಿನ್ನೀರಿನ ಕಡೆ ಹೋದರೆ ನಮ್ಮ ಚಿಕ್ಕ ಚರ್ಚು. ಅಲ್ಲಿ ನಲವತ್ತು ವರ್ಷ ಗಂಟೆಯ ಹಗ್ಗ ಹಿಡಿದವನು ಅವನೇ. ಸಂಬಂಧದಲ್ಲಿ ನಮಗೇನೂ ಅಲ್ಲ, ಊರಿಗೆಲ್ಲ ಮಾಮ. ಕಡ್ಡಿಯಂಥ ಆಳು. ಎಡಗಿವಿಯನ್ನು ಗಂಟೆ ತಿಂದುಹಾಕಿತ್ತು, ಮಾತಾಡಿಸಿದರೆ ಬಲಗಿವಿ ಮುಂದೆ ಮಾಡುತ್ತಿದ್ದ. ಸಾವಿನ ಗಂಟೆ ಹೊಡೆಯುವಾಗ ಒಂದು ಹೊಡೆತ ಹೊಡೆದು, ಅದರ ಗುಂಯ್ ಅನ್ನುವ ಸದ್ದು ಪೂರ್ತಿ ಆರುವ ತನಕ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ ಇನ್ನೊಂದು. ಹೀಗೆ ಸತ್ತವರ ವಯಸ್ಸಿನಷ್ಟು ಹೊಡೆತ. ತೊಂಬತ್ತಾರರ ಮುದುಕ ಸತ್ತ ದಿನ ಹಗ್ಗ ಬಿಟ್ಟು ಹೊರಗೆ ಬಂದವನು, "ಇವನು ಇಪ್ಪತ್ತು ವರ್ಷ ಮುಂಚೆ ಹೋಗಬಾರದಿತ್ತಾ, ನನ್ನ ರಟ್ಟೆ ಬಿದ್ದುಹೋಯ್ತಲ್ಲ ಮಾರಾಯ" ಅಂದು ಹೆಣದ ಮನೆಯವರನ್ನೇ ನಗಿಸಿದ್ದ.

ಅಮ್ಮ ಹಾಸಿಗೆ ಹಿಡಿದಾಗ ಕೇಳಿದ್ದು ಅದೊಂದೇ. "ಸಿರಿಲ, ಗಂಟೆ ಸರಿಯಾಗಿ ಹೊಡೆಸು. ಎಪ್ಪತ್ತೊಂದು. ಒಂದು ಕಮ್ಮಿಯಾದ್ರೂ ಎದ್ದು ಬರ್ತೀನಿ." ಗಂಟೆ ಆಗದಿದ್ದರೆ ತಾನು ಹೊರಟಿದ್ದು ಮೇಲಿನವರಿಗೆ ಗೊತ್ತಾಗುವುದಿಲ್ಲ ಅನ್ನುವ ಹೆದರಿಕೆ ಅವಳಿಗೆ. ನಾನು ಮಾತು ಕೊಟ್ಟೆ.

ಅವಳು ಜೀವ ಬಿಟ್ಟದ್ದು ಶುಭ ಶುಕ್ರವಾರ, ಬೆಳಿಗ್ಗೆ ಹನ್ನೊಂದಕ್ಕೆ.

ಚರ್ಚಿಗೆ ಓಡಿದೆ. ಪೀಠದ ಬಟ್ಟೆ ತೆಗೆದಿದ್ದರು, ದೀಪ ಆರಿಸಿದ್ದರು. ಪರಮಪ್ರಸಾದ ಇಡುವ ಪೆಟ್ಟಿಗೆಯ ಬಾಗಿಲು ಹಾರು ಹೊಡೆದು ನಿಂತಿತ್ತು, ಒಳಗೆ ಏನೂ ಇಲ್ಲ. ಕಳ್ಳರು ಬಂದುಹೋದ ಮನೆಯ ಹಾಗೆ ಕಾಣುತ್ತಿತ್ತು. ಮಾಮ ಒಬ್ಬನೇ ಕೂತಿದ್ದ.

"ಮಾಮ, ಅಮ್ಮ ಹೋದಳು. ಗಂಟೆ ಹೊಡಿ."

ಅವನು ಎದ್ದು ಶಿಲುಬೆ ಗುರುತು ಹಾಕಿಕೊಂಡ. "ಇವತ್ತು ಆಗೋದಿಲ್ಲ ಪುತಾ. ಗುರುವಾರದ ಪೂಜೆಯಿಂದ ಶನಿವಾರದ ಜಾಗರಣೆ ತನಕ ಗಂಟೆ ಇಲ್ಲ. ಚಿಕ್ಕಂದಿನಿಂದ ನೋಡಿಲ್ವಾ ನೀನು?"

"ನಮ್ಮಮ್ಮ ಕ್ಯಾಲೆಂಡರ್ ನೋಡಿ ಸಾಯಬೇಕಿತ್ತಾ?"

"ನೋಡೇ ಸತ್ತಿದ್ದಾಳೆ. ಪುಣ್ಯವಂತೆ."

ಪುಣ್ಯವಂತೆ ಅಂದದ್ದಕ್ಕೆ ನನ್ನ ತಲೆ ಕೆಟ್ಟಿತು. ಆ ವಯಸ್ಸಾದವನ ಎದೆಗೆ ಕೈ ಹಾಕಿ ತಳ್ಳಿದೆ. ಹಗ್ಗ ಹಿಡಿದು ಮೈಭಾರ ಬಿಟ್ಟು ಎಳೆದೆ. ಮೇಲೆ ಧಪ್ ಅಂತು, ಅಷ್ಟೇ. ತುಂಬಿದ ಮೂಟೆಗೆ ಗುದ್ದಿದ ಹಾಗೆ. ಮತ್ತೆ ಎಳೆದೆ, ಧಪ್. ಹಿಂದಿನ ದಿನವೇ ಮೇಲೆ ಹತ್ತಿ ಗಂಟೆಯ ನಾಲಿಗೆಗೆ ಗೋಣಿ ಸುತ್ತಿ ಕಟ್ಟಿದ್ದ ಪುಣ್ಯಾತ್ಮ. ನೆಲದಲ್ಲಿ ಬಿದ್ದವನು ಅಲ್ಲಿಂದಲೇ, "ಸಾಕು ಮಾಡು. ಕೆಳಗಿನವರಿಗೆ ತೊಂದರೆ" ಅಂದ. ಚರ್ಚಿನ ಕೆಳಗೆ ಯಾರಿದ್ದಾರೆ? ನನಗೆ ಅರ್ಥವಾಗಲಿಲ್ಲ.

ಅಮ್ಮನ ಹೆಸರಲ್ಲಿ ಚರ್ಚಿನ ಬಲಿಪೂಜೆ ಸೋಮವಾರ ಇಟ್ಟುಕೊಳ್ಳೋಣ, ಮಣ್ಣು ಶನಿವಾರ ಮಧ್ಯಾಹ್ನವೇ ಮಾಡೋಣ ಅಂದರು ಫಾದರ್. ಅಮ್ಮನ ಶವದ ಪೆಟ್ಟಿಗೆಯ ಮುಂದೆ ಮಾಮ ಬಡಿಹಲಗೆ ಹಿಡಿದು ನಡೆದ. ಹಲಗೆಗೆ ಮರದ ಸುತ್ತಿಗೆ ಕೂರಿಸಿದ್ದು ಅದು, ಆ ಮೂರು ದಿನ ಗಂಟೆಯ ಬದಲು ಅದೇ. ಹಾಡಿಲ್ಲ. ಕಟ್, ಕಟ್ ಅನ್ನುವ ಒಣ ಸದ್ದು ಮಾತ್ರ. ಏಪ್ರಿಲ್ ಬಿಸಿಲು. ಹಿನ್ನೀರು ಹಿಂದೆ ಸರಿದು, ಐವತ್ತು ಅರವತ್ತು ವರ್ಷದ ಹಿಂದೆ ಮುಳುಗಿದ ಮರಗಳ ಬೊಡ್ಡೆಗಳು ಕೆಸರಲ್ಲಿ ಕರ್ರಗೆ ನಿಂತಿದ್ದವು.

ಗುಂಡಿಗೆ ಇಳಿಸುವ ಮೊದಲು ಮಾಮ ಮೊಣಕಾಲೂರಿ ಅಮ್ಮನ ಪೆಟ್ಟಿಗೆಯ ಮೇಲೆ ಹಲಗೆಯಿಂದ ಮೂರು ಸಲ ಬಡಿದ. ಆಮೇಲೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ.

ಜೀರುಂಡೆಗಳು ನಿಂತವು. ನಾನು ಐದಾರು ಉಸಿರು ಎಳೆದಿರಬೇಕು. ಆಗ ನೀರಿನ ಕಡೆಯಿಂದ ಬಂತು. ಕಟ್. ಕಟ್. ಕಟ್. ಸ್ವಲ್ಪ ತಡೆದು ಇನ್ನೊಂದು, ಕಟ್.

ಆ ಕೆಸರಲ್ಲಿ ಒಂದು ಕೊಕ್ಕರೆಯೂ ಇರಲಿಲ್ಲ. ಪಕ್ಕದ ಮನೆಯ ಪುಷ್ಪಮ್ಮ ನನ್ನ ತೋಳು ಹಿಡಿದು, "ಮಾರ್ದನಿ ಕಣೋ ಅದು" ಅಂದಳು. ಅವಳ ಕೈ ಐಸಿನ ಹಾಗಿತ್ತು.

"ನಾನು ಬಡಿದದ್ದು ಮೂರು" ಅಂದ ಮಾಮ. "ಮಾರ್ದನಿಗೆ ಲೆಕ್ಕ ಬರೋದಿಲ್ವಾ?"

ಎಲ್ಲರೂ ಹೋದ ಮೇಲೆ ಅವನು ಸ್ಮಶಾನದ ಗೋಡೆಗೊರಗಿ ಕೂತ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಧರ್ಮೋಪದೇಶದ ಕ್ಲಾಸಲ್ಲೂ ಹಿಂದಿನ ಬೆಂಚು. ಆದರೆ ಅವನು ಅವತ್ತು ಹೇಳಿದ್ದು ಒಂದಕ್ಷರ ಮರೆತಿಲ್ಲ.

"ದೇವರ ಮಗ ಶುಕ್ರವಾರ ಶಿಲುಬೆ ಮೇಲೆ ಸತ್ತ, ಭಾನುವಾರ ಎದ್ದ ಅಂತೀರಿ. ನಡುವಿನ ದಿನ ಎಲ್ಲಿದ್ದ ಅಂತ ಯಾರೂ ಕೇಳೋದಿಲ್ಲ. ಕೆಳಗಿದ್ದ, ಸತ್ತವರ ಮನೆಯಲ್ಲಿ. ಒಂದೊಂದೇ ಬಾಗಿಲು ಬಡೀತಾ ಹೋದ, ಇದ್ದೀರಾ, ಹೊರಡ್ತೀರಾ ಅಂತ. ಒಳಗಿನವರ ದನಿ ಎಷ್ಟು ಸಣ್ಣದಿರಬಹುದು ಹೇಳು. ಮೇಲೆ ನಾವು ಗಂಟೆ ಹೊಡೆದರೆ ಅವನಿಗೆ ಕೇಳಿಸೋದು ಹೇಗೆ? ಅದಕ್ಕೇ ಗೋಣಿ. ವರ್ಷಕ್ಕೆ ಈ ಒಂದು ದಿನ ದೇವರು ಮೇಲಿಲ್ಲ, ಸತ್ತವರ ಮಟ್ಟದಲ್ಲಿದ್ದಾನೆ. ನಿಮ್ಮಮ್ಮ ಅವನು ಇದ್ದಲ್ಲಿಗೇ ನೆಟ್ಟಗೆ ಹೋದಳು. ಅವಳಿಗೆ ಗಂಟೆ ಯಾಕೆ?"

ಅವನು ಕೆಸರಿನ ಕಡೆ ಕೈ ತೋರಿಸಿದ. ಅವನು ಏಳು ವರ್ಷದವನಿದ್ದಾಗ ಅವನ ತಾಯಿ ಹೆರಿಗೆಯಲ್ಲಿ ಸತ್ತಿದ್ದಳಂತೆ. ಮಗುವೂ ಉಳಿಯಲಿಲ್ಲ. ಹೊಳೆದಂಡೆಯಲ್ಲಿ ಮಣ್ಣು ಮಾಡಿದ್ದರು. ಅದೇ ಮಳೆಗಾಲ ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಗೋರಿ ಮುಳುಗಿತು. ಪ್ರತಿ ವರ್ಷ ಈ ಶನಿವಾರ ಅವನು ದಂಡೆಗೆ ಹೋಗಿ ಮೂರು ಸಲ ಬಡಿದು ಬರುತ್ತಿದ್ದ.

"ನಾನು ಹೋದ ಮೇಲೆ ನೀನು ಬಡಿ ಪುತಾ. ಬೇರೆ ಯಾರಿಗೂ ಹೇಳಿಲ್ಲ."

"ನಮ್ಮಮ್ಮನಿಗೆ ಗಂಟೆ ಇಲ್ಲ, ನಿನ್ನಮ್ಮನಿಗೆ ನಾನು ಬಡೀಬೇಕಾ? ಚೆನ್ನಾಗಿದೆ!" ಅಂದು ಎದ್ದು ಬಂದೆ.

ಆಮೇಲೆ ನಾಲ್ಕು ವರ್ಷ ಎದುರು ಸಿಕ್ಕರೂ ಮಾತಾಡಿಸಲಿಲ್ಲ. ಸಾಯುವ ವಾರ ಅವನು ಬಡಿಹಲಗೆಯನ್ನು ಪುಷ್ಪಮ್ಮನ ಕೈಲಿ ನಮ್ಮ ಮನೆಗೆ ಕಳಿಸಿದ. ಮಾತೇನೂ ಹೇಳಿ ಕಳಿಸಿರಲಿಲ್ಲ.

ಅವನು ಸತ್ತ ಮೊದಲನೇ ವರ್ಷ ಆ ಶನಿವಾರ ಸಿಟ್ಟಿನಿಂದ ದಂಡೆಗೆ ಹೋಗಲಿಲ್ಲ. ಈ ವರ್ಷ ಹೋದೆ. ಮಟಮಟ ಮಧ್ಯಾಹ್ನ, ಕೆಸರಿನ ಅಂಚು, ಗಾಳಿಯಿಲ್ಲ. ಬೊಡ್ಡೆಗಳ ನಡುವೆ ನೀರು ಎಣ್ಣೆಯ ಹಾಗೆ ಬಿದ್ದಿತ್ತು. ಹಲಗೆ ಎತ್ತಿದೆ.

ನಾನು ಬಡಿಯುವ ಮೊದಲೇ ಕೆಳಗಿನಿಂದ ಯಾರೋ ಬಡಿದರು. ಒಂದೇ ಸಲ, ಮೆಲ್ಲಗೆ, ಒಳಗೆ ಬರಬಹುದಾ ಅಂತ ಕೇಳುವ ಹಾಗೆ.

ಹಲಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಓಡಿ ಬಂದುಬಿಟ್ಟೆ. ಮಾಮನ ತಾಯಿಗೆ ಆ ಮೂರು ಹೊಡೆತ ನಾನಿನ್ನೂ ಬಾಕಿ ಉಳಿಸಿಕೊಂಡಿದ್ದೇನೆ.