ಭಂಡಾರ ಬಿದ್ದ ಪ್ಲೇಟು

ಬಂಡಿ ಗುಂಡಿಗಿಳಿದು ಗ್ರಾಮಫೋನಿನ ಸ್ಪ್ರಿಂಗ್ ಮುರಿಯಬಹುದು. ಬಿಸಿಲಿಗೆ ಹಾಡಿನ ಪ್ಲೇಟು ಹಪ್ಪಳದಂತೆ ಸೊಟ್ಟಗಾಗಬಹುದು. ನಾಲ್ಕು ಜನ ಸೇರಿದ್ದು ಕಂಡು ಪೊಲೀಸ್ ಅಮೀನರು ಸರ್ಕಾರದ ಇಜಾಜತ್, ಪರವಾನಗಿ, ಎಲ್ಲಿ ಎಂದು ಕೇಳಬಹುದು. ಎತ್ತುಗಳಿಗೆ ಸಂಗೀತ ಹಿಡಿಸದಿರಬಹುದು. ಎಲ್ಲ ಸರಿಹೋದರೂ ನಾವು ಕಾಣಹೊರಟ ಮುದುಕಿ ಕದವನ್ನೇ ತೆಗೆಯದಿರಬಹುದು.

ನಾರಾಯಣಪೇಟೆಯಿಂದ ಮಕ್ತಲಿಗೆ ಹೊರಟ ದಿನ ಇಷ್ಟನ್ನೂ ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಂಡಿದ್ದೆ. ತಹಶೀಲ್ ಕಚೇರಿಯ ಗುಮಾಸ್ತ ನಾನು. ಚಿಂತೆಯನ್ನೂ ದಾಖಲು ಮಾಡದಿದ್ದರೆ ಸಮಾಧಾನವಿಲ್ಲ.

ಬಂಡಿಯಲ್ಲಿ ನನ್ನೆದುರು ಕೂತಿದ್ದವರು ನಮ್ಮ ಸೀಮೆಯೆಲ್ಲ ಗುನುಗುತ್ತಿದ್ದ ಗಾಯಕಿ. ಮಕ್ತಲಿನ ಕುರುಬರ ಮನೆಯ ಮಗಳು. ಪಕ್ಕದ ನಾರ್ವದ ಕಡೆ ಕುರಿ ಮೇಯಿಸುತ್ತ ಡೊಳ್ಳಿನ ಹಾಡು ಹಾಡಿಕೊಂಡಿದ್ದವರು ಹನ್ನೆರಡನೆಯ ವಯಸ್ಸಿಗೆ ನಾಟಕ ಕಂಪನಿಯ ಬೆನ್ನು ಹತ್ತಿ ಹೋದರು. ಮೊದಲು ದಾಸಿಯ ಪಾತ್ರ, ಆಮೇಲೆ ರಾಣಿಯದು, ಆಮೇಲೆ ಪ್ಲೇಟುಗಳು, ಮುಂಬಯಿಯಲ್ಲಿ ಎರಡು ಟಾಕಿ ಸಿನಿಮಾ. ಒಂದರಲ್ಲಿ ಅವರು ಉಟ್ಟಿದ್ದ ಸೀರೆ ಕಂಡು ಗದ್ವಾಲದ ನೇಕಾರರು ಒಂದು ಅಂಚಿಗೆ ಅವರ ಹೆಸರನ್ನೇ ಇಟ್ಟರು. ನನ್ನ ಹೆಂಡತಿ ಆ ಸೀರೆ ಕೇಳಿದಳು. ನಾನು ಪ್ಲೇಟು ತಂದೆ. ಆ ಜಗಳ ಬೇರೆ.

ಹೊಸ ಪ್ಲೇಟು ಬಂದಾಗಲೆಲ್ಲ "ಗಂಟಲು ಜೋಪಾನ" ಎಂದು ಅವರಿಗೆ ಪತ್ರ ಬರೆಯುತ್ತಿದ್ದೆ. ಒಮ್ಮೆಯೂ ಉತ್ತರವಿಲ್ಲ. ಕಡೆಗೆ ಗಂಟಲು ನಿಜವಾಗಿಯೂ ಕೆಟ್ಟು, ಡಾಕ್ಟರು ಹಾಡಲೇಬಾರದೆಂದ ಮೇಲೆ ಉತ್ತರ ಬಂತು: ತಮ್ಮನ್ನು ಸಾಕಿದ ಸೋದರತ್ತೆ ತಮ್ಮ ಒಂದು ಹಾಡನ್ನೂ ಕೇಳಿಲ್ಲ, ಊರು ಬಿಟ್ಟಂದಿನಿಂದ ಮಾತೂ ಆಡಿಲ್ಲ, ನಿಮ್ಮ ಗ್ರಾಮಫೋನು ತರುತ್ತೀರಾ?

ಮಕ್ತಲಿನ ಆ ಮನೆಯ ಕದ ತೆರೆದೇ ಇತ್ತು. ಅತ್ತೆ ಕಂಬಳಿಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದರು. ತಲೆ ಎತ್ತಲಿಲ್ಲ.

"ಅತ್ತೀ, ನಾನ್ರೀ."

"ಗೊತ್ತೈತಿ. ಆ ನಲವತ್ತು ಕುರಿ ಯಾರಿಗಿ ಹೇಳಿ ಬಿಟ್ಟು ಹೋದಿ?"

"ತಪ್ಪಾತ್ರೀ."

"ನಿಂದು ತಪ್ಪು. ಹುಡುಕ್ಯಾಡಿ ಕಾಲು ಸವೆಸಿದಾಕಿ ನಾನು." ಆಮೇಲೆ ನನ್ನತ್ತ ನೋಡಿದರು. "ಇವರ್ಯಾರು? ಗಂಡನೇನು?"

ನನ್ನ ಚೀಟಿಯಲ್ಲಿ ಈ ಪ್ರಶ್ನೆ ಇರಲಿಲ್ಲ. "ಅಲ್ರೀ ಅವ್ವಾ, ನಾನು ಪೆಟ್ಟಿಗೆ ತಂದಾಂವ" ಎಂದು ತೊದಲಿದೆ.

"ಹಂಗಾದ್ರ ಅದನ್ನ ಇಳಸ್ರಿ, ಮಗೂನಂಗ ಅವಚಿಕೊಂಡು ನಿಂತೀರಲ್ಲ."

ಪ್ಲೇಟನ್ನು ಪಂಚೆಯ ತುದಿಯಿಂದ ಮೂರು ಸಲ ಒರೆಸಿ ಇಟ್ಟೆ. ಕೀಲಿ ಕೊಡಲು ಪಕ್ಕಕ್ಕೆ ತಿರುಗಿದೆ, ಅಷ್ಟೇ. ಅತ್ತೆ ಎದ್ದು ದೇವರ ಗೂಡಿನಿಂದ ಹಿಡಿ ತುಂಬ ಅರಿಶಿನದ ಭಂಡಾರ ತಂದು "ಮೈಲಾರಲಿಂಗಾ" ಎಂದು ಪ್ಲೇಟಿನ ಮೇಲೆ ಎರಚಿಯೇ ಬಿಟ್ಟರು. ಆ ಮನೆಗೆ ಹೊಸದಾಗಿ ಬಂದದ್ದು ಕುರಿಮರಿಯಾಗಲಿ, ಸೊಸೆಯಾಗಲಿ, ಮೊದಲು ಭಂಡಾರ ಬೀಳಬೇಕು. ಬೇರೆಯವರ ವಸ್ತುವಿಗೆ ಹಾಕುವುದಿಲ್ಲ. ಅದು ಗೊತ್ತಿದ್ದ ಗಾಯಕಿ ಸೆರಗಿನಿಂದ ಕಣ್ಣೊತ್ತಿಕೊಂಡರು. ನಾನು ಒತ್ತಿಕೊಂಡದ್ದು ಎದೆಯನ್ನು. ಅತ್ತೆಯ ಎದುರು ಒರೆಸುವ ಧೈರ್ಯವೂ ಆಗಲಿಲ್ಲ.

ಮುಳ್ಳು ಇಳಿಸಿದೆ. ಮೊದಲ ಸಾಲು ಬಂತು. ಅರಿಶಿನ ತುಂಬಿದ ಗೆರೆಯಲ್ಲಿ ಮುಳ್ಳು ಸಿಕ್ಕಿಕೊಂಡು ಮತ್ತೆ ಅದೇ ಬಂತು. ಮತ್ತೆ ಅದೇ.

ಅತ್ತೆ ತಾಳ್ಮೆಯಿಂದ ಆರು ಸಲ ಕೇಳಿದರು.

"ಏನವ್ವಾ, ಇಷ್ಟು ವರ್ಷ ಮಂದಿ ಊರು ತಿರುಗಿ ಒಂದ ಸಾಲು ಕಲ್ತಿ?"

ಗಾಯಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಕೆಮ್ಮಿ, ಡಾಕ್ಟರ ಮಾತು ಮರೆತು, ಉಳಿದ ಸಾಲುಗಳನ್ನು ಒಡಕು ದನಿಯಲ್ಲಿ ತಾವೇ ಹಾಡಿದರು. ನಾನು ಎರಡು ಸಲ "ಗಂಟಲು, ಗಂಟಲು" ಅಂದೆ. ಯಾರೂ ಕೇಳಲಿಲ್ಲ.

ಹಾಡು ಮುಗಿದಾಗ ಅತ್ತೆ ಉಣ್ಣೆ ಬದಿಗಿಟ್ಟಿದ್ದರು. "ಇದು ಡೊಳ್ಳಿನ ಹಾಡಿನ ಮಟ್ಟ ಐತಲ್ಲ. ನಾನ ಕಲಿಸಿದ್ದು. ನಡುವ ಒಂದು ತಿರುವು ಬಿಟ್ಟಿ. ಕುಂದ್ರು, ಇನ್ನೊಮ್ಮಿ ಹೇಳಿಕೊಡ್ತೀನಿ."

ಸ್ಪ್ರಿಂಗ್ ಮುರಿಯಲಿಲ್ಲ, ಅಮೀನರು ಬರಲಿಲ್ಲ, ಎತ್ತುಗಳು ಹುಲ್ಲು ಮೇಯುತ್ತ ನಿಂತಿದ್ದವು. ಕೆಟ್ಟದ್ದು ಆ ಪ್ಲೇಟು ಮಾತ್ರ. ಹಳದಿ ಇನ್ನೂ ಗೆರೆಗಳಲ್ಲೇ ಕೂತಿದೆ. ಅದನ್ನು ಒರೆಸಿ ತೆಗೆಯುವ ಉಪಾಯ ನನಗೆ ಗೊತ್ತು, ತೆಗೆದಿಲ್ಲ.