ಬರ್ಮಾ ಅಜ್ಜಿಗೆ ಓದಿದ ಪೇಪರ್

ಹೋದ ವಾರ ಟ್ರಂಕು ಖಾಲಿ ಮಾಡುವಾಗ ಹಳೆಯ ರೇಷ್ಮೆ ಸೀರೆಯ ಮಡಿಕೆಯಲ್ಲಿ ಹೆಬ್ಬೆರಳುದ್ದದ ಕಟ್ಟಿಗೆಯ ತುಂಡು ಸಿಕ್ಕಿತು. ನೀರು ಹಚ್ಚಿ ಕಲ್ಲಿಗೆ ತೇಯ್ದೆ. ಗಂಧದಂತೆ ಇದೆ, ಆದರೆ ಗಂಧವಲ್ಲ. ಪಕ್ಕದ ಮನೆಯ ಬರ್ಮಾ ಅಜ್ಜಿಯ ಕೆನ್ನೆಯ ವಾಸನೆ ಅದು...

ಸಿರುಗುಪ್ಪದ ಕಡೆಯ ಕರೂರಿನಿಂದ ಪಟ್ಟಣದ ಬ್ರೂಸ್‌ಪೇಟೆಗೆ ನಾನು ಸೊಸೆಯಾಗಿ ಬಂದ ಹೊಸತು. ಗದ್ದೆಬಯಲು ನೋಡಿ ಬೆಳೆದವಳಿಗೆ ಆ ಇಕ್ಕಟ್ಟಿನ ಓಣಿಯಲ್ಲಿ ಉಸಿರು ಕಟ್ಟುತ್ತಿತ್ತು. ಹಿತ್ತಲಲ್ಲಿ ಕೂತು ಅಳುತ್ತಿದ್ದವಳನ್ನು ಮೊದಲು ಕಂಡದ್ದು ಅಜ್ಜಿಯೇ. ಗೋಡೆಯಾಚೆಯಿಂದ ಇಣುಕಿ, "ಅಳಬ್ಯಾಡವ್ವ. ನಿನ್ನ ತವರಿಗಿ ಬಸ್ಸರ ಐತಿ" ಎಂದಳು.

ಅಜ್ಜಿಯ ತವರು ರಂಗೂನ್. ಅಲ್ಲಿ ಸೈನ್ಯ ಅಧಿಕಾರ ಹಿಡಿದು ನಮ್ಮ ಕಡೆಯವರ ಅಂಗಡಿಗಳನ್ನೆಲ್ಲ ಕಿತ್ತುಕೊಂಡಾಗ, ಅಪ್ಪನ ಜೊತೆ ಹಡಗು ಹತ್ತಿ ಮದರಾಸಿಗೆ ಬಂದು, ಕುರುಗೋಡಿನ ನೆಂಟರ ಮನೆ ಸೇರಿ, ಆಮೇಲೆ ನಮ್ಮ ಓಣಿಗೆ ಬಂದವಳು. ಬರ್ಮಾದವನನ್ನೇ ಮದುವೆಯಾಗಿದ್ದ ತಂಗಿ ರಂಗೂನಿನಲ್ಲೇ ಉಳಿದಳು. ಸೈನ್ಯ ತೊಲಗುವವರೆಗೆ ತಂಗಿಯ ಮುಖ ನೋಡುವಂತಿಲ್ಲ ಎಂದು ಅಜ್ಜಿ ನಂಬಿದ್ದಳು.

ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮಧ್ಯಾಹ್ನ ನಾನು ಪೇಪರ್ ಹಿಡಿದು ಹೋಗುತ್ತಿದ್ದೆ. ಊರ ಸುದ್ದಿ ಯಾವುದೂ ಬೇಡ, ಒಂದೇ ಪ್ರಶ್ನೆ: "ಅಲ್ಲಿ ಪಕ್ಷದವ್ರು ಕೂಡಿದ್ರೇನು?" ಸೈನ್ಯವನ್ನು ವಿರೋಧಿಸುವ ಪಕ್ಷಗಳೆಲ್ಲ ಒಂದಾದರೆ ಸಾಕೆಂದು ಅವಳು ಕಾಯುತ್ತಿದ್ದಳು. ಅವೋ, ಎತ್ತು ಏರಿಗೆಳೆದರೆ ಕೋಣ ನೀರಿಗೆ. ಅವುಗಳ ಸುದ್ದಿ ಬರುವುದೂ ಅಪರೂಪ, ಬಂದರೆ ಮೂಲೆಯಲ್ಲಿ ನಾಲ್ಕು ಸಾಲು. ಓದಿ ಮುಗಿಸಿದ ಮೇಲೆ ಆ ಕಟ್ಟಿಗೆ ತೇಯ್ದು ನನ್ನ ಕೆನ್ನೆಗೂ ಬಳಿಯುತ್ತಿದ್ದಳು. ಬರ್ಮಾದ ಹೆಂಗಸರೆಲ್ಲ ಹಾಗೆ ಹಚ್ಚಿಕೊಳ್ಳುತ್ತಾರಂತೆ. ನಮ್ಮತ್ತೆಯವರು ಮಾತ್ರ, "ಏನವ್ವ, ಗ್ವಾಡಿಗಿ ಸುಣ್ಣ ಹಚ್ಚಿದಂಗ ಹಚ್ಕೊಂಡಿ!" ಎಂದು ನಗುತ್ತಿದ್ದರು.

ಒಮ್ಮೆ ಅಜ್ಜಿ ಜ್ವರ ಬಂದು ಮಲಗಿದಳು. ನಾಲ್ಕು ದಿನ ಬಾಯಿಗೆ ತುತ್ತು ಇಡಲಿಲ್ಲ. ನಾನೋ ತವರಿಗೆ ಹೊರಟು ನಿಂತಿದ್ದೆ. ಅವಳನ್ನು ಹಾಗೆ ಬಿಟ್ಟುಹೋಗಲು ಮನಸ್ಸಾಗದೆ, ಪೇಪರ್ ಬಿಚ್ಚಿ ಇಲ್ಲದ ಸುದ್ದಿ ಓದಿಬಿಟ್ಟೆ: "ಎಲ್ಲಾ ಪಕ್ಷದವ್ರು ಕೂಡ್ಯಾರಜ್ಜಿ. ಸೈನ್ಯ ಹೊಂಟೈತಿ." ಅಜ್ಜಿ ಎದ್ದು ಕೂತಳು. ಗಂಜಿ ಕುಡಿದಳು. ನಾನು ಹಗುರಾಗಿ ಸಿರುಗುಪ್ಪದ ಬಸ್ಸು ಹತ್ತಿದೆ.

ಎಂಟು ದಿನ ಬಿಟ್ಟು ಬಂದರೆ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಪಾಸ್‌ಪೋರ್ಟಿಗೆಂದು ತೆಗೆಸಿದ ಫೋಟೋ. ಅದರಲ್ಲೂ ಎರಡೂ ಕೆನ್ನೆಗೆ ಆ ಬಿಳಿ ಲೇಪ!

"ಫೋಟೋದಾಂವ ಮುಖ ತೊಳ್ಕೊಂಡು ಬರ್ರಿ ಅಂದ. ಇದಿಲ್ಲಂದ್ರ ನನ್ನ ತಂಗಿ ಹ್ಯಾಂಗ ಗುರ್ತು ಹಿಡೀತಾಳಪ್ಪ ಅಂದೆ."

ಪಾಸ್‌ಪೋರ್ಟ್ ನೋಡುವುದು ತಂಗಿಯಲ್ಲ, ಅಧಿಕಾರಿಗಳು ಎಂದು ಅವಳಿಗೆ ಹೇಳುವವರಾರು? ನನಗೆ ನಗು ಬರಲಿಲ್ಲ. ಅವಳ ಕಾಲು ಹಿಡಿದು ನಿಜ ಹೇಳಿದೆ. ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು...

ಎರಡು ವಾರ ನನ್ನನ್ನು ಕರೆಯಲಿಲ್ಲ. ಅಷ್ಟು ನಾಚಿಕೆ ನಾನು ಮುಂದೆಂದೂ ಪಟ್ಟಿಲ್ಲ. ಆಮೇಲೊಂದು ಮಧ್ಯಾಹ್ನ ಗೋಡೆಯಾಚೆಯಿಂದ ದನಿ ಬಂತು: "ಬಾರವ್ವ, ಪೇಪರ್ ಓದು. ಇದ್ದದ್ದು ಇದ್ದಂಗ ಓದು."

ಅವಳಿರುವವರೆಗೂ ಹಾಗೆಯೇ ಓದಿದೆ. ತಂಗಿಯನ್ನು ನೋಡದೆಯೇ ಹೋದಳು. ಹೋಗುವ ಮುಂಚೆ ಆ ಕಟ್ಟಿಗೆಯನ್ನೂ ಫೋಟೋವನ್ನೂ ನನ್ನ ಕೈಯಲ್ಲಿಟ್ಟಿದ್ದಳು.

ಈಗ ಅಜ್ಜಿಯ ಮನೆಯಿದ್ದ ಜಾಗದಲ್ಲಿ ಜೀನ್ಸ್ ಹೊಲಿಯುತ್ತಾರೆ, ದಿನವಿಡೀ ಮಷೀನುಗಳ ಸದ್ದು. ನಿನ್ನೆ ಮಧ್ಯಾಹ್ನ ಮೊಬೈಲಿನಲ್ಲಿ ಬರ್ಮಾದ ಸುದ್ದಿ ಹುಡುಕಿದೆ. ಮತ್ತೆ ಸೈನ್ಯದ ಆಳ್ವಿಕೆಯಂತೆ. ಹಳೆಯ ಜಗಳ ಬದಿಗಿಟ್ಟು ಎಷ್ಟೋ ಪಕ್ಷಗಳು, ಗುಡ್ಡಗಾಡಿನ ಜನರು ಅದರ ವಿರುದ್ಧ ಕೂಡಿದ್ದಾರಂತೆ. ಕೆನ್ನೆಗೆ ಲೇಪ ಬಳಿದುಕೊಂಡು ಅಜ್ಜಿಯ ಫೋಟೋ ಎದುರಿಗಿಟ್ಟು ಕೂತೆ. ಕೂಡಿದ್ದಾರೆ ಎಂಬ ಆ ಒಂದು ಸಾಲನ್ನಷ್ಟೇ ಓದಿ ನಿಲ್ಲಿಸಿಬಿಡೋಣ ಎನಿಸಿತು. ನಿಲ್ಲಿಸಲಿಲ್ಲ.

"ಕೂಡ್ಯಾರಜ್ಜಿ, ಈ ಸಲ ಖರೇನ ಕೂಡ್ಯಾರ. ಆದ್ರ ಸೈನ್ಯ ಇನ್ನೂ ಹೋಗಿಲ್ಲ."